ಗಿರಣಿ ಗೋಡೆಯ ಕೋಳಿ

ರೈಲು ಹಳಿಯೇ ಇಲ್ಲದ ಜಿಲ್ಲೆಯಲ್ಲಿ ಹುಟ್ಟಿ, ಮೂವತ್ತಾರು ವರ್ಷ ಹೊರಗಿನ ಊರುಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು ನಾನು. ನಿವೃತ್ತನಾಗಿ, ಚೆಟ್ಟಳ್ಳಿಯಿಂದ ಒಳಕ್ಕಿರುವ ನಮ್ಮ ಊರಿಗೆ ಮರಳಿದ ಮೇಲೂ ನನ್ನ ಶಿಸ್ತು ಒಂದು ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ. ಬೆಳಗ್ಗೆ ಐದಕ್ಕೆ ಏಳುತ್ತೇನೆ. ಐದೂ ಹತ್ತಕ್ಕೆ ಹಲ್ಲುಜ್ಜುತ್ತೇನೆ. ಐದೂವರೆಗೆ ಕಾಫಿ ಬರಬೇಕು. ಐದು ಮೂವತ್ತೆರಡಕ್ಕೆ ಬಂದರೆ, ಎರಡು ನಿಮಿಷ ತಡ ಎಂದು ನನ್ನ ಹೆಂಡತಿ ಜಾನಕಿಗೆ ವಿನಯದಿಂದಲೇ ತಿಳಿಸುತ್ತೇನೆ. ಅವಳು ಅಷ್ಟೇ ವಿನಯದಿಂದ, "ನಾಳೆಯಿಂದ ನೀವೇ ಮಾಡಿಕೊಳ್ಳಿ" ಎನ್ನುತ್ತಾಳೆ. ಹೀಗೆ ನಮ್ಮ ಸಂಸಾರ ಸುಸೂತ್ರವಾಗಿ ನಡೆಯುತ್ತಿದೆ.

ಊರಿನಲ್ಲಿ ನನ್ನನ್ನು ಎಲ್ಲರೂ 'ಟೇಸನ್ ಅಜ್ಜ' ಎಂದು ಕರೆಯುತ್ತಾರೆ. ಅಂಥ ನನಗೆ ಒಂದು ದಿನ ನಮ್ಮ ಊರನ್ನು ಪುನರುಜ್ಜೀವನಗೊಳಿಸಬೇಕೆಂಬ ಆಸೆ ಹುಟ್ಟಿತು.

ಆಸೆಗೆ ಕಾರಣ ನಮ್ಮೂರ ಹಿಟ್ಟಿನ ಮಿಲ್ಲು. ಅದು ಚೋಂದಮ್ಮಕ್ಕನದು. ಅವರೂ ಅವರ ಯಜಮಾನರೂ ಸೇರಿ ನಲವತ್ತು ವರ್ಷ ನಡೆಸಿದ್ದರು. ಯಜಮಾನರು ತೀರಿಕೊಂಡ ಮೇಲೆ ಮಿಲ್ಲಿನ ಬಾಗಿಲು ಮುಚ್ಚಿತ್ತು. ಮುಚ್ಚಿದ ಮೇಲೆಯೇ ನಮಗೆ ಗೊತ್ತಾದದ್ದು, ಊರಿನ ಎಲ್ಲ ಮನೆಯವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಅಲ್ಲಿ ಮಾತ್ರ ಎಂದು. ಈಗ ಎಲ್ಲರೂ ಅಕ್ಕಿ ತರಿಯನ್ನು ಪ್ಯಾಕೆಟ್ಟಿನಲ್ಲಿ ತರುತ್ತಾರೆ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರಿಗೆ ಕಾಲು ಉಳುಕಿತು ಎಂಬುದು ಪ್ಯಾಕೆಟ್ಟಿನ ಮೇಲೆ ಬರೆದಿರುವುದಿಲ್ಲ.

ಹಾಗಿರುವಾಗ ಮಿಲ್ಲಿನ ಎರಡು ಬೀಸುಕಲ್ಲುಗಳನ್ನು ಒಬ್ಬ ಹೋಮ್‌ಸ್ಟೇಯವನು ಕೇಳಿದ್ದಾನೆಂಬ ಸುದ್ದಿ ಬಂತು. ತೋಟದಲ್ಲಿ ಅತಿಥಿಗಳು ಕಾಫಿ ಕುಡಿಯಲು ಮೇಜು ಮಾಡುತ್ತಾನಂತೆ! ನಾನು ಕೊಡೆ ಹಿಡಿದು ನೇರ ಚೋಂದಮ್ಮಕ್ಕನ ಮನೆಗೆ ಹೋದೆ. ಸಮಯ ಹತ್ತು ಹದಿನೈದು.

"ಅಕ್ಕ, ಆ ಕಲ್ಲು ನಮ್ಮ ಊರಿನ ಪರಂಪರೆ" ಎಂದೆ.

"ಪರಂಪರೆ ಎತ್ತಲಿಕ್ಕೆ ನನ್ನ ಮಂಡಿಯಲ್ಲಿ ಶಕ್ತಿ ಇಲ್ಲ ಮಾರಾಯ" ಎಂದರು ಅವರು. "ಜನ ಬರುದಾದ್ರೆ ಮಿಲ್ಲು ಇರ್ಲಿ. ಬರುದಿಲ್ಲ ಅಂತಾದ್ರೆ ಕಲ್ಲು ಸುಮ್ಮನೆ ಕೂತು ಎಂತ ಮಾಡ್ತದೆ? ನಾಲ್ಕು ಜನ ಕಾಫಿಯಾದ್ರೂ ಕುಡೀಲಿ."

"ಜನ ಬಂದೇ ಬರುತ್ತಾರೆ. ಕೈಲ್ ಮುಹೂರ್ತದ ಹಬ್ಬಕ್ಕೆ ಇಡೀ ಊರು ನಿಮ್ಮ ಮಿಲ್ಲಿನ ತರಿಯಲ್ಲೇ ಕಡಂಬುಟ್ಟಿನ ಉಂಡೆ ಬೇಯಿಸುತ್ತದೆ. ಇದು ನನ್ನ ಮಾತು!"

ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಸರಿ. ಹಬ್ಬದ ಮರುದಿವಸ ಅವನ ಜೀಪು ಬರ್ತದೆ. ಅಷ್ಟರೊಳಗೆ ನಿನ್ನ ಮಾತು ನಡೆದ್ರೆ ಜೀಪು ಖಾಲಿ ಹೋಗ್ತದೆ" ಎಂದು ಸೊಂಟದಿಂದ ಬೀಗದ ಕೈ ತೆಗೆದು ಕೊಟ್ಟರು. ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಲು ಗೋಣಿಕೊಪ್ಪಲಿನ ತಂಗಿಯ ಮನೆಗೆ ಹೊರಟಿದ್ದರು, ಹಬ್ಬದ ಹಿಂದಿನ ದಿನ ಬರುತ್ತೇನೆ ಎಂದರು. ಕೈಯಲ್ಲಿ ಹತ್ತು ದಿನ. ಮೂವತ್ತಾರು ವರ್ಷ ರೈಲು ಓಡಿಸಿದವನಿಗೆ ಎರಡು ಕಲ್ಲು ತಿರುಗಿಸುವುದು ಯಾವ ಲೆಕ್ಕ!

"ರೈಲು ಓಡಿಸಿದ್ದು ಡ್ರೈವರು. ನೀವು ಬಾವುಟ ತೋರಿಸಿದ್ದು" ಎಂದಳು ಜಾನಕಿ.

ನಾನು ಈ ಟೀಕೆಯನ್ನು ಕಡತಕ್ಕೆ ಸೇರಿಸಲಿಲ್ಲ.

ಬಾಗಿಲು ತೆಗೆದು ನೋಡಿದರೆ ಒಳಗೆ ಜೇಡರ ಬಲೆ, ಧೂಳು, ಇಲಿಯ ಹಿಕ್ಕೆ. ಪರಂಪರೆಯನ್ನು ಉಳಿಸುವ ಮೊದಲ ಹೆಜ್ಜೆ ಶುಚಿತ್ವ ಎಂದು ನಾನು ತೀರ್ಮಾನಿಸಿದೆ. ಕಲ್ಲಿನ ಪಕ್ಕ ಒಂದು ಹಳೆಯ ಎಣ್ಣೆ ಡಬ್ಬಿಯಿತ್ತು. ಅದರ ತುಂಬ ನುಚ್ಚಕ್ಕಿ, ಜೊತೆಗೆ ಕಂದು ಬಣ್ಣದ ಎಂಥದೋ ಪುಡಿ. ಇದೇನು ಕಸ ಎಂದು ಮನೆಗೆ ಒಯ್ದು ಕೋಳಿಗಳಿಗೆ ಸುರಿದೆ. ಕೋಳಿಗಳು ಬಹಳ ಸಂತೋಷಪಟ್ಟವು. ಡಬ್ಬಿಯನ್ನು ಗುಜರಿಯವನಿಗೆ ಕೊಟ್ಟೆ.

ಇನ್ನು ಗೋಡೆ. ಯಾರೋ ಕಪ್ಪು ಪೇಂಟಿನಲ್ಲಿ ಸಾಲಾಗಿ ಏನೇನೋ ಚಿತ್ರ ಬರೆದಿದ್ದರು. ಮೊದಲು ಭತ್ತದ ತೆನೆ, ಆಮೇಲೆ ರಾಗಿ ತೆನೆ, ಆಮೇಲೆ ಕಾಫಿ ಬೀಜ, ಕೊತ್ತಂಬರಿ, ಮೆಣಸಿನಕಾಯಿ. ಕೊನೆಯಲ್ಲಿ ಒಂದು ಕೋಳಿ! ಹಿಟ್ಟಿನ ಮಿಲ್ಲಿನಲ್ಲಿ ಕೋಳಿಗೇನು ಕೆಲಸ? ಕೋಳಿಯನ್ನು ಯಾರಾದರೂ ಬೀಸುತ್ತಾರೆಯೇ? ಮಕ್ಕಳ ಗೀಚಾಟ ಎಂದುಕೊಂಡು ಇಡೀ ಗೋಡೆಗೆ ಸುಣ್ಣ ಬಳಿದೆ. ಸುಣ್ಣ ಸಾಲದಾದಾಗ ಸ್ವಲ್ಪ ನೀರು ಬೆರೆಸಿದೆ. ಅದೂ ಸಾಲದಾದಾಗ ಇನ್ನೂ ಸ್ವಲ್ಪ ಬೆರೆಸಿದೆ. ಒಣಗಿದ ಮೇಲೆ ಗೋಡೆ ಬೆಳ್ಳಗೆ ಹೊಳೆಯಿತು. ಹೊರಗೆ ಜಗಲಿಯಲ್ಲಿ ಒಂದು ಫಲಕ ಹೊಡೆಸಿದೆ: 'ನಮ್ಮೂರ ಪರಂಪರೆ, ನಮ್ಮೂರ ಗಿರಣಿ. ಸರತಿಯಂತೆ ಬನ್ನಿ. ಗುಂಪು ಸೇರಬೇಡಿ. ಅನಗತ್ಯ ಮಾತು ನಿಷೇಧಿಸಿದೆ.'

ಮಿಲ್ಲನ್ನು ಇಪ್ಪತ್ತು ವರ್ಷ ಓಡಿಸಿದ್ದ ಹಂಸ ಈಗ ಒಂದು ಎಸ್ಟೇಟಿನಲ್ಲಿ ಜೀಪು ಡ್ರೈವರು. ಒಂದು ಭಾನುವಾರ ಅವನನ್ನು ಕರೆಸಿ ಪಾಠ ಹೇಳಿಸಿಕೊಂಡೆ. ಸ್ವಿಚ್ಚು ಇಲ್ಲಿ. ಕಲ್ಲುಗಳ ನಡುವಿನ ಅಂತರ ಹೆಚ್ಚು ಕಡಿಮೆ ಮಾಡುವ ಹಿಡಿ ಇಲ್ಲಿ. ಸಡಿಲ ಬಿಟ್ಟರೆ ತರಿ, ಬಿಗಿ ಮಾಡಿದರೆ ಹಿಟ್ಟು. ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

"ಸಾರ್, ಒಂದು ಮುಖ್ಯ" ಎಂದ ಹಂಸ. "ಇಲ್ಲಿ ಕಲ್ಲು ಒಂದೇ ಜೋಡಿ. ಅಕ್ಕಿ ಮೊದ್ಲು. ಖಾರ, ಮಸಾಲೆ ಎಲ್ಲ ಕಡೆಗೆ. ಗೊತ್ತಾಯ್ತಾ?"

"ಹಂಸ, ಮೊದಲು ಬಂದವರಿಗೆ ಮೊದಲು. ಅಕ್ಕಿ ಮೇಲು, ಮಸಾಲೆ ಕೀಳು ಎಂಬ ತಾರತಮ್ಯ ನನ್ನ ಆಡಳಿತದಲ್ಲಿ ಇಲ್ಲ."

ಹಂಸ ಬಾಯಿ ತೆರೆದ. ಗಡಿಯಾರ ನೋಡಿ, ಪಾಠದ ಅವಧಿ ಮುಗಿಯಿತು ಎಂದೆ. ಅವನು ಬಾಯಿ ಮುಚ್ಚಿದ.

ನಾನು ಮನೆಮನೆಗೆ ಹೋಗಿ ಹೇಳಿಬಂದೆ. ಹಬ್ಬದ ಹಿಂದಿನ ದಿನ ಬೆಳಗ್ಗೆ ಆರಕ್ಕೆ ಮಿಲ್ಲು ಆರಂಭ. ಟೋಕನ್ ವ್ಯವಸ್ಥೆ. ಒಬ್ಬರಿಗೆ ಐದು ನಿಮಿಷ. ಹಸಿರು ಬಾವುಟ ತೋರಿಸಿದರೆ ಒಳಗೆ ಬರುವುದು, ಕೆಂಪು ತೋರಿಸಿದರೆ ನಿಲ್ಲುವುದು. ಜನ ತಲೆದೂಗಿದರು. ನಕ್ಕ ಹಾಗೂ ಅನ್ನಿಸಿತು. ಉತ್ಸಾಹ ಎಂದುಕೊಂಡೆ.

ಆ ದಿನ ಬಂತು. ಐದೂಮುಕ್ಕಾಲಿಗೇ ಮಿಲ್ಲಿನ ಮೆಟ್ಟಿಲ ಮೇಲೆ ಪೂವಯ್ಯ ಕೂತಿದ್ದ. ನಮ್ಮ ಪಕ್ಕದ ಮನೆಯವನು. ಪಂದಿಕರಿ, ಅಂದರೆ ಹಂದಿ ಮಾಂಸದ ಸಾರು, ಮಾಡುವುದರಲ್ಲಿ ನಮ್ಮ ಸೀಮೆಗೇ ಹೆಸರಾದವನು. ಟೋಕನ್ ಒಂದು ಅವನಿಗೆ. ಟೋಕನ್ ಎರಡು ಅವನ ಅಮ್ಮನ ಹೆಸರಿಗೆ. ನಿಯಮದಲ್ಲಿ ಅವಕಾಶವಿತ್ತು.

ಒಂದನೆಯ ಚೀಲದಲ್ಲಿ ಮೂರು ಕಿಲೋ ಪಂದಿಕರಿ ಮಸಾಲೆ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಎಲ್ಲವನ್ನೂ ಕಪ್ಪಗೆ ಹುರಿದದ್ದು. ಎರಡನೆಯದರಲ್ಲಿ ಹುರಿದ ಕಾಫಿ ಬೀಜ. ಪೂವಯ್ಯ ಕಲ್ಲಿನ ಸುತ್ತಮುತ್ತ ಕಣ್ಣಾಡಿಸಿ, "ಇಲ್ಲಿ ಒಂದು ಡಬ್ಬಿ ಇತ್ತಲ್ಲ ಅಜ್ಜ?" ಎಂದ.

"ಶುಚಿಗೊಳಿಸಲಾಗಿದೆ" ಎಂದೆ.

"ಓಹೋ" ಎಂದ ಪೂವಯ್ಯ.

ಆ 'ಓಹೋ'ದ ಪೂರ್ಣ ಅರ್ಥ ನನಗೆ ತಿಳಿಯಲು ಇನ್ನೂ ಮೂರ್ನಾಲ್ಕು ಗಂಟೆ ಬೇಕಾಯಿತು.

ಸರಿಯಾಗಿ ಆರಕ್ಕೆ ಸೀಟಿ ಊದಿದೆ. ಹಸಿರು ಬಾವುಟ ಬೀಸಿದೆ. ಸ್ವಿಚ್ಚು ಒತ್ತಿದೆ. ಎಷ್ಟೋ ತಿಂಗಳ ಮೇಲೆ ನಮ್ಮೂರ ಮಿಲ್ಲು ಗುಡುಗುಡು ಎಂದಾಗ, ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿ ಬಂತು. ಸ್ವಲ್ಪ ಭಾವನೆಯಿಂದ. ಹೆಚ್ಚು ಕರಿಮೆಣಸಿನ ಘಾಟಿನಿಂದ.

ಮಸಾಲೆ ಮುಗಿಯಿತು. ಕಾಫಿ ಮುಗಿಯಿತು. ಟೋಕನ್ ಮೂರು ನನ್ನ ಹೆಂಡತಿಯದೇ. ಹಿಡಿ ಸಡಿಲ ಮಾಡಿ, ಅವಳ ಐದು ಸೇರು ಅಕ್ಕಿ ಸುರಿದು, ತರಿ ಬೀಳುವುದನ್ನು ಹೆಮ್ಮೆಯಿಂದ ನೋಡುತ್ತ ನಿಂತೆ. ಮಲ್ಲಿಗೆಯಂತೆ ಬೆಳ್ಳಗೆ ಬೀಳಬೇಕಾದ ತರಿ ರಸ್ತೆಗೆ ಹಾಕುವ ಕೆಮ್ಮಣ್ಣಿನಂತೆ ಬೀಳುತ್ತಿತ್ತು!

ಜಾನಕಿ ಒಂದು ಚಿಟಿಕೆ ಎತ್ತಿ ಮೂಸಿದಳು. "ರೀ, ಇದೆಂತ ಇದು? ಇದರಲ್ಲಿ ಕಡಂಬುಟ್ಟು ಮಾಡಿದ್ರೆ ಜೊತೆಗೆ ಪಂದಿಕರಿಯೇ ಬೇಡ. ಕಾಫಿಯೂ ಬೇಡ."

"ಮೊದಲ ದಿನದ ಸಣ್ಣಪುಟ್ಟ ತೊಂದರೆ. ನಾಲ್ಕನೆಯವರಿಗೆ ಸರಿಹೋಗುತ್ತದೆ" ಎಂದು ಬಾವುಟ ಬೀಸಿದೆ.

ನಾಲ್ಕನೆಯವರು ದೇವಸ್ಥಾನದ ಭಟ್ಟರು. ನೈವೇದ್ಯಕ್ಕೆ ಎರಡು ಸೇರು ಅಕ್ಕಿ ಹಿಟ್ಟು ಬೇಕಿತ್ತು. ಹಿಟ್ಟಿಗಾಗಿ ಹಿಡಿಯನ್ನು ಬಿಗಿ ಮಾಡಿದೆ. ಬಿಗಿ ಮಾಡಿದ್ದೇ ತಡ, ಕಲ್ಲಿನ ಸಂದುಗೊಂದಿನಲ್ಲಿ ಅಡಗಿದ್ದ ಮಸಾಲೆಯೆಲ್ಲ ತನ್ನ ಸರದಿ ಬಂತೆಂದು ಹೊರಬಂತು.

ಭಟ್ಟರು ಬಹಳ ಸಾಧು ಮನುಷ್ಯರು. ಹಿಟ್ಟನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡರು. "ಮಾಸ್ಟ್ರೇ, ಬೇಸರ ಮಾಡಿಕೊಳ್ಳಬೇಡಿ. ದೇವರ ಹಿಟ್ಟು ಇಷ್ಟು ಘಮಘಮ ಅನ್ನಬಾರದು" ಎಂದರು. ಆಮೇಲೆ ಸ್ವರ ತಗ್ಗಿಸಿ, "ಪೂವಯ್ಯ ಇದಕ್ಕೆ ಎಂತೆಲ್ಲ ಹಾಕ್ತಾನೆ?" ಎಂದು ಕೇಳಿದರು.

ಅಷ್ಟರಲ್ಲಿ ಹೊರಗೆ ಸರತಿಯಲ್ಲಿ ಹದಿನಾಲ್ಕು ಮನೆಯವರು ಅಕ್ಕಿಚೀಲ ಹೊತ್ತು ನಿಂತಿದ್ದರು. ವೇಳಾಪಟ್ಟಿ ಹನ್ನೊಂದು ನಿಮಿಷ ತಡವಾಗಿತ್ತು. ಆಗ ನನ್ನ ಮೂವತ್ತಾರು ವರ್ಷದ ಅನುಭವ ಒಂದು ಉಪಾಯ ಹೊಳೆಯಿಸಿತು. ಪಾತ್ರೆ ಕೊಳೆಯಾದರೆ ಏನು ಮಾಡುತ್ತೇವೆ? ತೊಳೆಯುತ್ತೇವೆ. ಕಲ್ಲು ಕೊಳೆಯಾಗಿದೆ. ತೊಳೆಯೋಣ!

ಮಿಲ್ಲು ಓಡುತ್ತಿರುವಾಗಲೇ, ಅಕ್ಕಿ ಸುರಿಯುವ ಬಾಯಿಗೆ ಎರಡು ಬಕೆಟ್ ನೀರು ಸುರಿದೆ.

ಓದುಗರಲ್ಲಿ ಮಿಲ್ಲಿನ ಅನುಭವ ಇದ್ದವರು ಇಲ್ಲಿ ಕೈಯಿಂದ ಮುಖ ಮುಚ್ಚಿಕೊಂಡಿರುತ್ತಾರೆ. ಇಲ್ಲದವರಿಗಾಗಿ ಹೇಳುತ್ತೇನೆ. ಬೀಸುಕಲ್ಲಿಗೆ ನೀರು ತಾಗಬಾರದು. ಒಳಗಿದ್ದ ಹಿಟ್ಟು, ಮಸಾಲೆ, ಕಾಫಿಪುಡಿ ಎಲ್ಲ ಸೇರಿ ಅಂಟಾಯಿತು. ಸಿನಿಮಾ ಪೋಸ್ಟರ್ ಅಂಟಿಸುವಂಥ ಅಂಟು! ಮೊದಲು, ಹಿಟ್ಟು ಬೀಳಲು ಕೆಳಗೆ ಕಟ್ಟಿದ್ದ ಬಟ್ಟೆಯ ತೋಳಿನಿಂದ ಒಂದು ಲೋಟದಷ್ಟು ನನ್ನ ಮೇಲೆ ಹಾರಿತು. ಕಲ್ಲು ಗುರ್ ಎಂದಿತು, ಮುಲುಗಿತು, ನಿಂತಿತು. ಮೋಟರು ನಿಲ್ಲಲಿಲ್ಲ. ಬೆಲ್ಟು ಕೀರಲು ಸ್ವರದಲ್ಲಿ ಕಿರುಚಿ, ಹೊಗೆ ಬಿಟ್ಟು, ಚಕ್ರದಿಂದ ಕಳಚಿ ಮೂಲೆಗೆ ಬಿತ್ತು. ಜಾನಕಿ ಓಡಿಬಂದು ಸ್ವಿಚ್ಚು ಆರಿಸಿದಳು. ನಾನು "ಬೆಂಕಿ!" ಎಂದು ಕೂಗಿ ಮೂರನೆಯ ಬಕೆಟ್ ನೀರನ್ನು ಬೆಲ್ಟಿನ ಮೇಲೆ ಎಸೆದೆ. ಗುರಿ ತಪ್ಪಿ ಗೋಡೆಗೆ ಬಿತ್ತು.

ಸರಿಯಾಗಿ ಆಗಲೇ ಚೋಂದಮ್ಮಕ್ಕ ಗೋಣಿಕೊಪ್ಪಲಿನಿಂದ ಬಂದು ಬಸ್ಸಿಳಿದು, ಕೋಲೂರಿಕೊಂಡು ಬಾಗಿಲಲ್ಲಿ ನಿಂತರು. ಕಂದು ಅಂಟು ಮೆತ್ತಿಕೊಂಡು, ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಹಸಿರು ಬಾವುಟ ಹಿಡಿದಿದ್ದ ನನ್ನನ್ನು ನೋಡಿದರು. ಕಲ್ಲನ್ನು ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಲ್ಲನೆ ಹೋಗಿ ಕಲ್ಲಿನ ಮೇಲೆ ಅಂಗೈ ಇಟ್ಟು, "ಪಾಪ, ಇವರಿದ್ದಾಗ ಒಂದು ಹನಿ ನೀರು ತಾಗಿಸ್ತಿರಲಿಲ್ಲ" ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. "ಜೀಪಿನವನಿಗೆ ಇವತ್ತೇ ಬಾ ಅಂತ ಫೋನ್ ಮಾಡುದೇ ಒಳ್ಳೇದು."

ನನ್ನ ಮೂವತ್ತಾರು ವರ್ಷದ ಸೇವೆಯಲ್ಲಿ ಅಷ್ಟು ಚಿಕ್ಕವನಾಗಿ ನಾನು ಎಲ್ಲೂ ನಿಂತಿರಲಿಲ್ಲ.

"ಸ್ವಲ್ಪ ನಿಲ್ಲಿ ಅಕ್ಕ" ಎಂದಳು ಜಾನಕಿ. "ಹಂಸನಿಗೆ ಫೋನ್ ಮಾಡಿದ್ದೇನೆ. ಗೊಬ್ಬರದ ಲೋಡು ಇಳಿಸಿ ಬರ್ತಾನಂತೆ. ಅವನು ನೋಡಿ ಆಗುದಿಲ್ಲ ಅಂದ ಮೇಲೆ ಜೀಪು ಕರೆಯುವ."

ಅಕ್ಕ ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು. ಚೀಲದೊಳಗೆ ಹಾಕಲಿಲ್ಲ.

ಹಂಸ ಬರಲು ಎರಡು ಗಂಟೆಯಾಯಿತು. ಯಾರೂ ಮನೆಗೆ ಹೋಗಲಿಲ್ಲ. ಅಕ್ಕಿಚೀಲಗಳನ್ನೇ ಆಸನ ಮಾಡಿಕೊಂಡು ಮಿಲ್ಲಿನ ಜಗಲಿಯ ತುಂಬ ಕೂತರು. ಪೂವಯ್ಯ ಮನೆಯಿಂದ ಪಾತ್ರೆ, ಹಾಲು ತಂದು, ಮೂರು ಕಲ್ಲು ಹೂಡಿ, ಬೆಳಗ್ಗೆ ಬೀಸಿದ ಪುಡಿಯಲ್ಲೇ ಕಾಫಿ ಮಾಡಿದ. ಅದರಲ್ಲಿ ಜೀರಿಗೆ, ಕರಿಮೆಣಸು ಬೇಕಾದಷ್ಟಿತ್ತು.

"ಅಜ್ಜ, ಕಾಫಿಗೆ ಉಪ್ಪು ಸರಿ ಉಂಟಾ?" ಎಂದ ಪೂವಯ್ಯ.

"ನೆಗಡಿಗೆ ಒಳ್ಳೇದು" ಎಂದರು ಭಟ್ಟರು, ಎರಡನೆಯ ಲೋಟಕ್ಕೆ ಕೈ ಚಾಚುತ್ತ.

ಜಗಲಿಯಲ್ಲಿ ನಗು ಎದ್ದಿತು. ಒಂದು ಮಾತಿಗೆ ಇನ್ನೊಂದು ಮಾತು ಹುಟ್ಟಿಕೊಂಡಿತು. ಯಾರ ಮನೆಗೆ ಸೊಸೆ ಬರುತ್ತಾಳೆ, ಯಾರ ತೋಟಕ್ಕೆ ಆನೆ ಬಂತು, ಯಾರ ಹಲ್ಲು ಕೀಳಿಸಿದರು, ಒಂದು ವರ್ಷದ ಬಾಕಿ ಸುದ್ದಿಯೆಲ್ಲ ಹೊರಬಿತ್ತು. ಎಲ್ಲರ ತಲೆಯ ಮೇಲೆ ನನ್ನ ಫಲಕ ನೇತಾಡುತ್ತಿತ್ತು: 'ಅನಗತ್ಯ ಮಾತು ನಿಷೇಧಿಸಿದೆ.' ನನಗೆ ಆಗ ನೆನಪಾಯಿತು. ನನ್ನ ಸ್ಟೇಷನ್ನಿನಲ್ಲಿಯೂ ರೈಲು ಸಮಯಕ್ಕೆ ಬಂದ ದಿನ ಪ್ಲಾಟ್‌ಫಾರಂನಲ್ಲಿ ಯಾರಿಗೂ ಯಾರ ಪರಿಚಯವೂ ಆಗುತ್ತಿರಲಿಲ್ಲ. ತಡವಾದ ದಿನ ಒಬ್ಬರ ಬುತ್ತಿ ಇನ್ನೊಬ್ಬರು ತಿನ್ನುತ್ತಿದ್ದರು. ಇದನ್ನು ಮೂವತ್ತಾರು ವರ್ಷ ಕಣ್ಣಾರೆ ಕಂಡು, ಐದೈದು ನಿಮಿಷದ ಟೋಕನ್ ಮಾಡಿದ ಮಹಾನುಭಾವ ನಾನು!

ಚೋಂದಮ್ಮಕ್ಕನ ಮಡಿಲಲ್ಲಿ ಈಗ ಫೋನಿನ ಜೊತೆಗೆ ಯಾರದೋ ಮಗುವೂ ಇತ್ತು.

ಒಂಬತ್ತೂ ಹತ್ತಕ್ಕೆ ಹಂಸ ಬಂದ. ಒಳಗೆ ಕಾಲಿಟ್ಟು, "ಪಡಚೋನೇ!" ಎಂದು ತನ್ನ ಮಲಯಾಳದಲ್ಲಿ ದೇವರನ್ನು ಕರೆದು ತಲೆಯ ಮೇಲೆ ಕೈ ಹೊತ್ತ. "ಎಂದಾ ಸಾರೇ ಇದ್? ಕಲ್ಲಿಗೆ ಸ್ನಾನ ಮಾಡಿಸಿದ್ದಾ?"

"ಸ್ವಲ್ಪ" ಎಂದೆ.

ಅವನು ಮೇಲಿನ ಕಲ್ಲು ಕಳಚಿದ. ಪೂವಯ್ಯ ಕೈ ಹಚ್ಚಿದ. ಅಂಟನ್ನು ಕೆರೆದು ಕೆರೆದು ತೆಗೆದರು. ಒರೆಸಲು ಬಟ್ಟೆ ಬೇಕೆಂದಾಗ ಹಂಸ ನನ್ನ ಹಸಿರು ಬಾವುಟ ತೆಗೆದುಕೊಂಡ. ಸಾಲದಾದಾಗ ಕೆಂಪು ಬಾವುಟವನ್ನೂ ತೆಗೆದುಕೊಂಡ. ತೇವ ಹೀರಲು ಒಣ ಭತ್ತದ ಹೊಟ್ಟು ತುಂಬಿ, ಕಲ್ಲನ್ನು ಬಿಸಿಲಿಗೆ ಇಟ್ಟರು. ಪುಣ್ಯಕ್ಕೆ ಆ ದಿನ ಬಿಸಿಲಿತ್ತು.

"ಕಲ್ಲು ಒಡೆದಿಲ್ಲ ಅಕ್ಕ. ಮಧ್ಯಾಹ್ನಕ್ಕೆ ಓಡ್ತದೆ" ಎಂದ ಹಂಸ. ಆಮೇಲೆ ನನ್ನ ಕಡೆ ತಿರುಗಿ, "ಗೋಡೆ ನೋಡಿ ಓಡಿಸುದಲ್ವಾ ಸಾರ್? ಅಷ್ಟು ದೊಡ್ಡದಾಗಿ ಬರೆದುಂಟು" ಎಂದ.

"ಗೋಡೆಯಲ್ಲಿ ಏನಿದೆ?" ಎಂದು ತಿರುಗಿದೆ.

ಮೂರನೆಯ ಬಕೆಟ್ ನೀರು ಬಿದ್ದ ಜಾಗದಲ್ಲಿ ನನ್ನ ತೆಳು ಸುಣ್ಣ ನೆನೆದು ಗಾಜಿನಂತಾಗಿತ್ತು. ಅದರ ಹಿಂದಿನಿಂದ ಭತ್ತದ ತೆನೆ, ರಾಗಿ, ಕಾಫಿ, ಕೊತ್ತಂಬರಿ, ಮೆಣಸಿನಕಾಯಿ ಎಲ್ಲ ಒಂದೊಂದಾಗಿ ಇಣುಕುತ್ತಿದ್ದವು. ಕೊನೆಯಲ್ಲಿ ಕೋಳಿ ನನ್ನನ್ನೇ ನೋಡುತ್ತಿತ್ತು.

"ನಮ್ಮ ಯಜಮಾನರು ಬರೆದದ್ದು" ಎಂದರು ಚೋಂದಮ್ಮಕ್ಕ. "ಓದಲಿಕ್ಕೆ ಬಾರದವರಿಗೂ ತಿಳೀಲಿ ಅಂತ. ಮೊದ್ಲು ಅಕ್ಕಿ, ಆಮೇಲೆ ರಾಗಿ, ಹಾಗೇ ಸಾಲಿನಲ್ಲಿ. ಖಾರ ಬೀಸಿದವರು ಕಡೆಗೆ ಕಲ್ಲಿನ ಪಕ್ಕದ ಡಬ್ಬಿಯಿಂದ ಒಂದು ಸೇರು ನುಚ್ಚಕ್ಕಿ ಹಾಕಿ ಕಲ್ಲು ಚೊಕ್ಕ ಮಾಡಿ ಹೋಗ್ಬೇಕು. ಆ ನುಚ್ಚಕ್ಕಿ ಕೋಳಿಗೆ. ಅದಕ್ಕೇ ಕಡೆಗೆ ಕೋಳಿ."

ಊರಿನ ಪರಂಪರೆಯನ್ನು ಉಳಿಸಲು ಹೊರಟು, ಮೊದಲ ದಿನವೇ ಅದರ ಅರ್ಧವನ್ನು ಕೋಳಿಗೆ ಹಾಕಿ, ಉಳಿದರ್ಧಕ್ಕೆ ಸುಣ್ಣ ಬಳಿದಿದ್ದೆ!

"ನಿಮಗೆ ಗೊತ್ತಿತ್ತಾ?" ಎಂದು ಜಾನಕಿಯನ್ನು ಕೇಳಿದೆ. ಗಾಬರಿಯಲ್ಲಿ ಬಹುವಚನ ಬಂದುಬಿಟ್ಟಿತ್ತು.

"ಇಡೀ ಊರಿಗೆ ಗೊತ್ತಿತ್ತು."

"ಮತ್ತೆ ಯಾರೂ ಹೇಳಲಿಲ್ಲ?"

"ಹಂಸ ಹೇಳಿದ. ನೀವು ಗಡಿಯಾರ ನೋಡಿದಿರಿ. ನಾನು ಸರತಿಯಲ್ಲಿ ನಿಂತು ಹೇಳಲಿಕ್ಕೆ ಬಂದೆ. ನೀವು ಸೀಟಿ ಊದಿದಿರಿ."

ಮಧ್ಯಾಹ್ನ ಎರಡಕ್ಕೆ ಕಲ್ಲು ಕೂಡಿಸಿದರು. ಈಗ ಅದನ್ನು ಚೊಕ್ಕ ಮಾಡಲು ಒಂದು ಸೇರು ಸಾಲದು, ಬಹಳ ಅಕ್ಕಿ ಬೇಕು ಎಂದ ಹಂಸ. ಯಾರ ಮನೆಯ ಅಕ್ಕಿ? ನಾನು ಮುಂದಿನ ಮಾತಿಗೆ ಕಾಯದೆ ಮನೆಗೆ ಹೋಗಿ, ಡಬ್ಬದಲ್ಲಿ ಉಳಿದಿದ್ದ ಅಕ್ಕಿಯನ್ನೆಲ್ಲ ತಂದು ಸುರಿದೆ. ಮೊದಲ ಸೇರು ಕೆಂಪಾಗಿ ಬಿತ್ತು, ಮೂರನೆಯದು ಹಳದಿಯಾಗಿ, ಆರನೆಯದು ಬೆಳ್ಳಗೆ. ಭಟ್ಟರು ಮೂಸಿ ನೋಡಿ ತಲೆಯಾಡಿಸಿದರು. ಅವರ ಮುಖದಲ್ಲಿ ಕೊಂಚ ನಿರಾಸೆ ಕಂಡದ್ದು ನನ್ನ ಭ್ರಮೆ ಇರಬಹುದು.

ಆಮೇಲೆ ಸಾಲಾಗಿ ಅಕ್ಕಿ. ಭಟ್ಟರ ಮನೆಯದು ಮೊದಲು, ಉಳಿದವರದು ಬಂದಂತೆ. ಸೀಟಿಯಿಲ್ಲ, ಟೋಕನ್ನಿಲ್ಲ, ಒದರಾಟಕ್ಕೇನೂ ಕೊರತೆಯಿಲ್ಲ. ಐದೂವರೆಯ ಹೊತ್ತಿಗೆ ಊರಿನ ಪ್ರತಿ ಮನೆಗೂ ಬಿಳಿಯ ತರಿ ಹೋಗಿತ್ತು, ಒಂದು ಮನೆ ಬಿಟ್ಟು. ಚೋಂದಮ್ಮಕ್ಕ ಫೋನೆತ್ತಿ ಹೋಮ್‌ಸ್ಟೇಯವನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಕಲ್ಲು ಸಿಕ್ಕುದಿಲ್ಲ ಮಾರಾಯ. ಅದಕ್ಕೆ ಕೆಲಸ ಉಂಟು. ನಿನಗೆ ಬೇಕಾದ್ರೆ ಅಕ್ಕಿ ತಗೊಂಡು ಬಾ. ಆದ್ರೆ ಕೂತು ಕಾಯ್ಬೇಕು."

ಕೈಲ್ ಮುಹೂರ್ತದ ದಿನ ನಮ್ಮ ಮನೆಯಲ್ಲಿ ಒಂದು ಹಿಡಿ ಒಳ್ಳೆಯ ತರಿ ಇರಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಒಂಬತ್ತು ಮನೆಯ ಕಡಂಬುಟ್ಟು ಇತ್ತು. ಪೂವಯ್ಯ ಪಂದಿಕರಿಯ ಪಾತ್ರೆಯನ್ನೇ ತಂದಿಟ್ಟು, "ಟೋಕನ್ ಒಂದು!" ಎಂದ. ತಿನ್ನುತ್ತ ತಿನ್ನುತ್ತ, ದಿನವೂ ಸರಿಯಾಗಿ ಮೂರಕ್ಕೆ ಮಾಡುವ ನನ್ನ ನಿದ್ದೆ ತಪ್ಪಿತು. ಯಾರೂ ಅದನ್ನು ಬರೆದುಕೊಳ್ಳಲಿಲ್ಲ.

ಈಗ ಮಿಲ್ಲು ವಾರಕ್ಕೆ ಎರಡು ದಿನ ಓಡುತ್ತದೆ. ಹಂಸ ಎಸ್ಟೇಟಿನವರಲ್ಲಿ ಕೇಳಿಕೊಂಡು ಆ ದಿನಗಳಲ್ಲಿ ಬರುತ್ತಾನೆ. ಫಲಕವನ್ನು ಯಾರೋ ತಿರುಗಿಸಿ ಬೆಂಚು ಮಾಡಿದ್ದಾರೆ. ಸುಣ್ಣ ಕೆರೆದು, ಹಳೆಯ ಚಿತ್ರಗಳಿಗೆ ಹೊಸ ಕಪ್ಪು ಪೇಂಟು ಬಳಿದಿದ್ದಾರೆ. ನನಗೂ ಅಲ್ಲಿ ಒಂದು ಅಧಿಕೃತ ಹುದ್ದೆಯಿದೆ. ಸಂಜೆ ಮಿಲ್ಲು ನಿಂತ ಮೇಲೆ ನುಚ್ಚಕ್ಕಿಯ ಹೊಸ ಡಬ್ಬಿಯನ್ನು ಕೋಳಿಗಳಿಗೆ ಒಯ್ಯುವುದು. ಆ ನುಚ್ಚಕ್ಕಿಗೆ ಈಗ ಊರಿನಲ್ಲಿ 'ಟೇಸನ್ ಅಕ್ಕಿ' ಎಂದೇ ಹೆಸರು. "ಖಾರ ಬೀಸಿ ಆಯ್ತಲ್ಲ, ಟೇಸನ್ ಅಕ್ಕಿ ಹಾಕು" ಎಂದು ನನ್ನ ಎದುರಿಗೇ ಹೇಳುತ್ತಾರೆ. ನನ್ನ ಇಲಾಖೆ ಕೊಡದ ಕೀರ್ತಿಯನ್ನು ಕೋಳಿಗಳು ಕೊಟ್ಟಿವೆ.

ಮೊನ್ನೆ ಡಬ್ಬಿ ತರಲು ಹೋದಾಗ ಗೋಡೆಯ ಕೊನೆಯಲ್ಲಿ, ಕೋಳಿಯ ಹಿಂದೆ, ಒಂದು ಹೊಸ ಚಿತ್ರ ಕಂಡಿತು. ಬಕೆಟ್ ಹಿಡಿದ ಒಬ್ಬ ಮುದುಕ, ಬಾಯಲ್ಲಿ ಸೀಟಿ. ಪೂವಯ್ಯನ ಕೈವಾಡವೇ ಇರಬೇಕು. ಆದರೆ ಮುದುಕನನ್ನು ಕೋಳಿಗಿಂತ ಚಿಕ್ಕದಾಗಿ ಬರೆದಿದ್ದ! ಮನೆಗೆ ಬಂದು, ಇದು ಸರಿಯೇ ಎಂದು ಜಾನಕಿಯನ್ನು ಕೇಳಿದೆ.

ಅವಳು ಡಬ್ಬಿಯನ್ನು ಇಸಿದುಕೊಂಡು ಕೋಳಿಗಳನ್ನು ಕರೆದಳು. "ಅಳತೆ ಸರಿಯಾಗೇ ಉಂಟು. ನಾನೇ ನಿಂತು ಹೇಳಿದ್ದು" ಎಂದಳು.